ಕಾವೇರಿ ಸಮುದ್ರ ಸೇರುವ ಜಾಗ: ಅಮ್ಮನನ್ನು ಒಂದೇ ದಿನದಲ್ಲಿ ಸುತ್ತಿಸಿಕೊಂಡು ಬರಬಹುದಾ?

ಮದ್ದೂರಿನ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ವಿಜಯನಗರದಲ್ಲಿ ಇದ್ದೇನೆ. ಅಮ್ಮನಿಗೆ ಈಗ 67. ಮದ್ದೂರು ಕಡೆಯವರು, ಮದುವೆಗೆ ಮುಂಚೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಲ್ಲೇ ನಾಟಿ ಮಾಡಿ ಬೆಳೆದವರು. ತಲಕಾವೇರಿ ನೋಡಿದ್ದಾರೆ, ಭಾಗಮಂಡಲ ನೋಡಿದ್ದಾರೆ. ಈಗ ಒಂದೇ ಹಟ: "ಹುಟ್ಟೋದು ನೋಡಿದೀನಿ, ಸಮುದ್ರಕ್ಕೆ ಸೇರೋದೂ ನೋಡ್ಬೇಕು."

ಆನ್‌ಲೈನಲ್ಲಿ ಕಾವೇರಿ ಡೆಲ್ಟಾ ಒಂದು ದಿನದ ಟೂರ್ ಅಂತ ಹುಡುಕಿದರೆ ಬರುವುದೆಲ್ಲ ದೇವಸ್ಥಾನದ ಪ್ಯಾಕೇಜ್. ನಮಗೆ ಹೊಳೆ, ಗದ್ದೆ, ಹಳ್ಳಿ ನೋಡಬೇಕು. ಜೊತೆಗೆ ಒಬ್ಬರು ವಿವರಿಸಿ ಹೇಳುವವರಿದ್ದರೆ ಒಳ್ಳೆಯದು. ಹೀಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ಯಾವ ತಿಂಗಳು ಸರಿ? ಅಮ್ಮನಿಗೆ ಮಂಡಿ ನೋವಿದೆ, ಜಾಸ್ತಿ ಹತ್ತಿ ಇಳಿಯಲು ಆಗುವುದಿಲ್ಲ.

ಹೊಳೆದಡ

ಪಿಚಾವರಂಗೆ ಹೋಗಿ. ಚಿದಂಬರಂ ಹತ್ತಿರ. ಕಾವೇರಿಯ ಕವಲು ಕೊಳ್ಳಿಡಂ ಮತ್ತು ವೆಳ್ಳಾರ್ ನದಿ ಸಮುದ್ರ ಸೇರುವ ನಡುವಿನ ಜಾಗ, ಪೂರ್ತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಹುಟ್ಟು ಹಾಕುವ ದೋಣಿ ತಗೊಳ್ಳಿ. ಮೋಟಾರು ದೋಣಿ ಸಣ್ಣ ಕವಲುಗಳ ಒಳಗೆ ಹೋಗುವುದಿಲ್ಲ. ಬೇರುಗಳು ತಲೆಗೆ ತಾಗುವಷ್ಟು ಹತ್ತಿರ ಬರುತ್ತವೆ. ಬೆಳಿಗ್ಗೆ ಬೇಗ ಹೋದರೆ ಹಕ್ಕಿಗಳೂ ಸಿಗುತ್ತವೆ.

ಪಾಂಡವಪುರದ ಹುಡುಗ

ಅಕ್ಕ, ನಿಮ್ಮ ಪ್ರಶ್ನೆ ಓದಿ ನಮ್ಮ ಅಪ್ಪನೇ ಕೇಳಿದ ಹಾಗಾಯಿತು. ಕಳೆದ ವರ್ಷ ಆಗಸ್ಟ್‌ನಲ್ಲಿ ಅವರನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೋಗಿ ಬಂದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಇದನ್ನು ಅಮ್ಮನವರಿಗೆ ಹೊರಡುವ ಮುಂಚೆಯೇ ಹೇಳಿಬಿಡಿ. ಕಾವೇರಿ ಸಮುದ್ರ ಸೇರುವ ಕಡೆ ದೊಡ್ಡದಾಗಿ ಇರುವುದಿಲ್ಲ. ಹೊಳೆ ಮುಂದೆ ಹೋದ ಹಾಗೆ ಅಗಲ ಆಗುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಡೆಲ್ಟಾದಲ್ಲಿ ಅದು ಉಲ್ಟಾ. ತಿರುಚ್ಚಿಯಿಂದ ಕೆಳಕ್ಕೆ ಕಾವೇರಿ ಹಂಚಿಕೊಂಡು ಹಂಚಿಕೊಂಡು ಸಣ್ಣದಾಗುತ್ತಾ ಹೋಗುತ್ತಾಳೆ. ಇದು ಗೊತ್ತಿಲ್ಲದೆ ನೇರ ಅವಳು ಸಮುದ್ರ ಸೇರುವ ಪೂಂಪುಹಾರ್‌ಗೆ ಹೋಗಿ ನಿಂತರೆ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಮೇಲಿನಿಂದ ಹಂಚಿಕೆ ನೋಡಿಕೊಂಡು ಬಂದರೆ ಕೊನೆಯಲ್ಲಿ ಆ ಸಣ್ಣ ನೀರು ಕಂಡಾಗ ಕಣ್ಣು ತುಂಬುತ್ತದೆ. ಅದಕ್ಕೇ ಕಲ್ಲಣೈನಿಂದ ಶುರು ಮಾಡಿ ಅನ್ನುತ್ತೇನೆ.

ನಾವು ಹಿಂದಿನ ದಿನವೇ ತಂಜಾವೂರಿಗೆ ಹೋಗಿ ಉಳಿದುಕೊಂಡೆವು. ಬೆಳಿಗ್ಗೆ 6ಕ್ಕೆ ಕಾರು, ಜೊತೆಗೆ ಒಬ್ಬ ಗೈಡ್. ಕುಂಭಕೋಣದ ಕಡೆಯ ರೈತರ ಮನೆಯವರು, ಟೂರಿಸ್ಟ್ ಸೀಸನ್ನಿನಲ್ಲಿ ಗೈಡ್ ಕೆಲಸ ಮಾಡುತ್ತಾರೆ. ನನಗೆ ಅಲ್ಪ ಸ್ವಲ್ಪ ತಮಿಳು ಬರುತ್ತದೆ, ಅಪ್ಪನಿಗೆ ಒಂದಕ್ಷರ ಬರುವುದಿಲ್ಲ.

ಕಲ್ಲಣೈ ಅಂದರೆ ಕಲ್ಲಿನ ಅಣೆ. ನಮ್ಮ ಅಣೆಕಟ್ಟು ಅನ್ನುವ ಮಾತಿನ ಅಣೆಯೇ ಅದು. ಸುಮಾರು 2ನೇ ಶತಮಾನದಲ್ಲಿ ಕರಿಕಾಲ ಚೋಳ ಕಟ್ಟಿಸಿದ್ದು ಅನ್ನುತ್ತಾರೆ. ತಿರುಚ್ಚಿಗಿಂತ ಮೇಲೆ ಮುಕ್ಕೊಂಬಿನಲ್ಲಿ ಹೊಳೆ ಎರಡಾಗುತ್ತದೆ, ಕೊಳ್ಳಿಡಂ ಮತ್ತು ಕಾವೇರಿ. ನಡುವೆ ಇರುವುದೇ ಶ್ರೀರಂಗ. ಕೊಳ್ಳಿಡಂ ತಗ್ಗಿನಲ್ಲಿದೆ. ಕಲ್ಲಣೈ ಹತ್ತಿರ ಬಂದಾಗ ಕಾವೇರಿಯ ನೀರು ಮತ್ತೆ ಜಾರಿ ಆ ತಗ್ಗಿಗೇ ಬೀಳುತ್ತಿತ್ತಂತೆ. ಬಿದ್ದರೆ ನೇರ ಸಮುದ್ರ, ಗದ್ದೆಗೆ ಏನೂ ಇಲ್ಲ. ಅದನ್ನು ತಡೆಯಲು ಹಾಕಿದ ಕಲ್ಲಿನ ಒಡ್ಡು ಇದು. ಬ್ರಿಟಿಷ್ ಇಂಜಿನಿಯರ್ ಆರ್ಥರ್ ಕಾಟನ್ 1830ರ ದಶಕದಲ್ಲಿ ಮುಕ್ಕೊಂಬಿನಲ್ಲಿ ಅಣೆ ಕಟ್ಟಿಸುವಾಗ ಈ ಹಳೆಯ ಅಣೆಯಿಂದ ಕಲಿತುಕೊಂಡ ಅಂತ ಗೈಡ್ ಹೇಳಿದರು.

ಸೇತುವೆ ಮೇಲೆ ನಿಂತರೆ ನಾಲ್ಕು ದಾರಿ: ಕೊಳ್ಳಿಡಂ, ಕಾವೇರಿ, ವೆಣ್ಣಾರು, ಮತ್ತೆ ಕಲ್ಲಣೈ ಕಾಲುವೆ. ಈ ಕಾಲುವೆ ಮೆಟ್ಟೂರು ಅಣೆಕಟ್ಟಿನ ಕಾಲದ್ದು, 1934. ಅಪ್ಪ ಒಂದೊಂದು ಗೇಟಿನ ಹತ್ತಿರವೂ ಹೋಗಿ ಬಗ್ಗಿ ನೋಡಿದರು. ಆಮೇಲೆ ಗೈಡ್‌ನ ಕೈ ಹಿಡಿದು "ತೂಬು?" ಅಂತ ಕೇಳಿದರು. ಅವರು ನಕ್ಕು "ತೂಂಬು, ತೂಂಬು! ಮದಗು!" ಅಂದರು. ಅಪ್ಪನ ಮುಖ ನೋಡಬೇಕಿತ್ತು. "ಮದಗ ನಮ್ಮದೂ" ಅಂದರು. ಅಲ್ಲಿಂದ ಮುಂದೆ ನನ್ನ ಅನುವಾದ ಅವರಿಬ್ಬರಿಗೂ ಬೇಡವಾಯಿತು. ಸರದಿ ಮೇಲೆ ನೀರು ಬಿಡುವುದಕ್ಕೆ ಅಲ್ಲಿ ಮುರೈ ಅನ್ನುತ್ತಾರೆ. ನಮ್ಮಲ್ಲಿ ಕಟ್ಟು ಪದ್ಧತಿ. ಅಷ್ಟು ಬೆರಳಿನಲ್ಲಿ ಲೆಕ್ಕ ಹಾಕಿಯೇ ಇಬ್ಬರಿಗೂ ತಿಳಿಯಿತು.

ಅಲ್ಲಿಂದ ತಿರುವೈಯಾರು. ಹೆಸರಿನಲ್ಲೇ ಐದು ಹೊಳೆ ಇದೆ. ತ್ಯಾಗರಾಜರ ಸಮಾಧಿ ಹೊಳೆದಂಡೆಯಲ್ಲೇ. ಇಲ್ಲಿ ನಾವು ಕನ್ನಡದವರು ಒಂದು ನಿಮಿಷ ಜಾಸ್ತಿ ನಿಲ್ಲಬೇಕು. ಪಾಳು ಬಿದ್ದಿದ್ದ ಆ ಸಮಾಧಿಗೆ 1920ರ ದಶಕದಲ್ಲಿ ಗುಡಿ ಕಟ್ಟಿಸಿದವರು ಗಾಯಕಿ ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು ನಂಜನಗೂಡಿನಲ್ಲಿ, ಕಪಿಲಾ ದಂಡೆಯಲ್ಲಿ. ತಮ್ಮ ಗಳಿಕೆ, ಒಡವೆ ಎಲ್ಲ ಇದಕ್ಕೇ ಹಾಕಿದರು. ಆರಾಧನೆಯಲ್ಲಿ ಹೆಂಗಸರು ಹಾಡುವ ಹಕ್ಕಿಗೂ ಅವರೇ ನಿಂತು ಹೋರಾಡಿದರು. ಅವರ ಸಮಾಧಿಯೂ ಅಲ್ಲೇ, ತ್ಯಾಗರಾಜರ ಕಡೆ ಮುಖ ಮಾಡಿದೆ. ನಿಮ್ಮ ಅಮ್ಮನವರಿಗೆ ಇದನ್ನು ತಪ್ಪದೆ ತೋರಿಸಿ.

ಕುಂಭಕೋಣದ ದಾರಿ ಪೂರ್ತಿ ಹೊಳೆ ಪಕ್ಕ, ಗದ್ದೆ, ಬಾಳೆ, ವೀಳ್ಯದೆಲೆ ತೋಟ. ಸ್ವಾಮಿಮಲೈನಲ್ಲಿ ಪಂಚಲೋಹದ ವಿಗ್ರಹ ಎರಕ ಹೊಯ್ಯುವ ಮನೆಗೆ ಹೋದೆವು. ಇದು ದೇವಸ್ಥಾನದ ಪ್ಯಾಕೇಜಿನಲ್ಲೂ ಇರುತ್ತದೆ, ಆದರೆ ನಿಲ್ಲಿಸುವುದು ಅಂಗಡಿ ಮುಂದೆ. ನೀವು ಕೆಲಸದ ಶೆಡ್ ನೋಡಲೇಬೇಕು ಅಂತ ಕೇಳಿ. ಜೇನುಮೇಣಕ್ಕೆ ರಾಳ ಸೇರಿಸಿ ಮೊದಲು ಮೇಣದ ವಿಗ್ರಹ ಮಾಡುತ್ತಾರೆ. ಅದರ ಮೇಲೆ ಕಾವೇರಿಯ ಮೆಕ್ಕಲು ಮಣ್ಣು ಬಳಿಯುತ್ತಾರೆ. ವಂಡಲ್ ಮಣ್ಣು ಅಂತ ಹೆಸರು. ಒಬ್ಬರು ಹಿರಿಯರು ಒಂದು ಅಂಗೈ ಅಗಲದ ದೇವಿಗೆ ಮಣ್ಣು ಬಳಿಯುತ್ತಿದ್ದರು. ಬೆರಳ ತುದಿಯಿಂದ ಕಿವಿಯ ಓಲೆಯ ಸಂದಿಗೆ, ಮೂಗಿನ ಪಕ್ಕಕ್ಕೆ, ಕಾಲ್ಬೆರಳ ನಡುವಿಗೆ. ಮಣ್ಣು ಬೆಣ್ಣೆಯ ಹಾಗಿತ್ತು, ಒಂದು ಹರಳೂ ಇಲ್ಲ. ಅದು ಒಣಗಿದ ಮೇಲೆ ಮೇಣದ ಮೇಲಿನ ಒಂದೊಂದು ಗೆರೆಯೂ ಆ ಮಣ್ಣಿನ ಒಳಮೈಯಲ್ಲಿ ಕೂತಿರುತ್ತದೆ. ಕಾಯಿಸಿದಾಗ ಮೇಣ ಹರಿದುಹೋಗಿ, ಖಾಲಿ ಜಾಗಕ್ಕೆ ಲೋಹ ಬರುತ್ತದೆ. ಅಪ್ಪ ಕೇಳಿ ಒಂದು ಚಿಟಿಕೆ ಮಣ್ಣು ಇಸ್ಕೊಂಡು ಉಜ್ಜಿ ನೋಡಿದರು. "ನಮ್ಮ ಕಡೆಯಿಂದ ಬಂದಿದ್ದು ಕಣೋ ಇದು" ಅಂದರು. ನನಗೆ ಏನೂ ಹೇಳಲು ತೋಚಲಿಲ್ಲ.

ಮಧ್ಯಾಹ್ನ ಕುಂಭಕೋಣದಲ್ಲಿ ಎಲೆ ಊಟ, ಹಿತ್ತಾಳೆ ಲೋಟದಲ್ಲಿ ಕಾಫಿ. ಮತ್ತೆ ಪೂರ್ವಕ್ಕೆ. ಒಂದೊಂದು ಕವಲು ಬಿಟ್ಟುಕೊಡುತ್ತಾ ಹೊಳೆ ಕಿರಿದಾಗುವುದು ಕಾರಿನಿಂದಲೇ ಕಾಣುತ್ತದೆ. ಮಯಿಲಾಡುತುರೈ ದಾಟಿದ ಮೇಲೆ ಮೇಲೈಯೂರು ಅಂತ ಊರು. ಕಾವೇರಿಯ ಕೊನೆಯ ಗೇಟು ಅಲ್ಲಿದೆ. ಕಡೈಮಡೈ ಅನ್ನುತ್ತಾರೆ. ನಾವು ನಾಲೆಯ ಕೊನೇ ಭಾಗ ಅನ್ನುತ್ತೇವಲ್ಲ, ಅದೇ. ಮೆಟ್ಟೂರಿನಲ್ಲಿ ಬಿಟ್ಟ ನೀರು ಇಲ್ಲಿಗೆ ಮುಟ್ಟಿದ ದಿನ ರೈತರು ಹೂವು, ಭತ್ತದ ಬೀಜ ಎರಚಿ ಬರಮಾಡಿಕೊಳ್ಳುತ್ತಾರಂತೆ.

ಗೇಟಿನ ಹತ್ತಿರ ಒಬ್ಬ ರೈತರು ಸೈಕಲ್ ನಿಲ್ಲಿಸಿ, ನಾವು ಎಲ್ಲಿಯವರು ಅಂತ ಕೇಳಿದರು. ನನಗೆ ಒಂದು ಕ್ಷಣ ಎದೆ ಹೊಡೆದುಕೊಂಡಿತು. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಸ್ಸು ಸುಟ್ಟಿದ್ದು ನೋಡಿದವನು ನಾನು. ಅದೇ ವರ್ಷ ನಮ್ಮ ಗದ್ದೆಗೂ ನೀರು ಬಂದಿರಲಿಲ್ಲ. ಗೈಡ್ ಹೇಳಿಬಿಟ್ಟರು, ಕರ್ನಾಟಕ, ಕೆಆರ್‌ಎಸ್ ಪಕ್ಕದವರು ಅಂತ. ಅವರು ಮೊದಲು ಕೇಳಿದ್ದು: "ಕೊಡಗಲ್ಲಿ ಮಳೆ ಹೇಗಿದೆ?"

ಅಪ್ಪ "124.80" ಅಂದರು, ಅಷ್ಟು ಅಡಿಗೆ ಕೆಆರ್‌ಎಸ್ ತುಂಬಿದೆ ಅಂತ. ಅವರು ತಲೆ ಆಡಿಸಿ "120" ಅಂದರು, ಮೆಟ್ಟೂರೂ ತುಂಬಿದೆ ಅಂತ. ಇಬ್ಬರೂ ದಿನಾ ಬೆಳಿಗ್ಗೆ ಪೇಪರಿನಲ್ಲಿ ನೋಡುವುದು ಅದನ್ನೇ.

ಪೂಂಪುಹಾರ್ ಸೇರಿದಾಗ ಸಂಜೆ 5 ಆಗಿತ್ತು. ಹಿಂದೆ ಕಾವೇರಿಪೂಂಪಟ್ಟಿಣ, ಚೋಳರ ಬಂದರು. ಈಗ ಮೀನುಗಾರರ ಊರು. 2004ರ ಡಿಸೆಂಬರ್ 26ರ ಸುನಾಮಿ ಈ ಕರಾವಳಿಯನ್ನು ಬಹಳ ಹೊಡೆದಿದೆ. ಹೊಳೆ ಮರಳಿನ ನಡುವೆ ಬಂದು, ಸದ್ದಿಲ್ಲದೆ ಅಲೆಗೆ ಸೇರುತ್ತದೆ. ಅಪ್ಪ ಬಹಳ ಹೊತ್ತು ನಿಂತಿದ್ದರು. "ನಮ್ಮ ನಾಲೆಗಿಂತ ಚಿಕ್ಕದು" ಅಂದರು. ಆಮೇಲೆ ಚಪ್ಪಲಿ ಬಿಟ್ಟು ಹೋಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಒಟ್ಟು 150 ಕಿ.ಮೀ. ಮೇಲಾಗುತ್ತದೆ. ರಾತ್ರಿ ಕುಂಭಕೋಣಕ್ಕೆ ವಾಪಸ್ ಬಂದು ಉಳಿಯಿರಿ, ಅದೇ ದಿನ ಬೆಂಗಳೂರು ರೈಲು ಹಿಡಿಯಲು ಹೋಗಬೇಡಿ. ಕಾರಿನ ಬಾಡಿಗೆ ಬೇರೆ, ಗೈಡ್ ದುಡ್ಡು ಬೇರೆ, ಡ್ರೈವರ್ ಬೇಟಾ ಬೇರೆ. ಮೂರನ್ನೂ ಮೊದಲೇ ಮಾತಾಡಿಕೊಳ್ಳಿ. "ಅಂಗಡಿಗೆ ನಿಲ್ಲಿಸಬೇಡಿ" ಅಂತಲೂ ಮೊದಲೇ ಹೇಳಿ. ಇದಕ್ಕೆ ಹಿಂದಿನ ವರ್ಷ ಒಂದು ಟೂರ್ ಬಸ್ಸಿನಲ್ಲಿ ಹೋಗಿ, ಅರ್ಧ ದಿನ ಸೀರೆ ಅಂಗಡಿಯಲ್ಲೇ ಕಳೆದು ಹೊಳೆಯನ್ನು ಕಿಟಕಿಯಿಂದ ಮಾತ್ರ ನೋಡಿ ಬಂದಿದ್ದೆವು. ಅಪ್ಪ ಅವತ್ತು ಬೇಜಾರು ಮಾಡಿಕೊಂಡಿದ್ದು ನನಗೆ ಇನ್ನೂ ನೋವು.

ತಿಂಗಳು: ಮೆಟ್ಟೂರಿನಲ್ಲಿ ನೀರಿದ್ದರೆ ಜೂನ್ 12ಕ್ಕೆ ಬಿಡುವುದು ವಾಡಿಕೆ. ಜುಲೈ ಕೊನೆ, ಆಗಸ್ಟ್ ಚೆನ್ನ. ಏಪ್ರಿಲ್, ಮೇನಲ್ಲಿ ಹೊಳೆ ಪೂರ್ತಿ ಮರಳು, ಬಿಸಿಲೂ ತಡೆಯಲಾಗದು. ನವೆಂಬರ್‌ನಲ್ಲಿ ಅಲ್ಲಿ ಜೋರು ಮಳೆ, ಸೈಕ್ಲೋನ್ ಕಾಟ.

ಮದ್ದೂರಿನ ಮಗಳು

ಅಣ್ಣ, ಇದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ತೂಬು, ತೂಂಬು ಬಂದಾಗ ನಿಲ್ಲಿಸಿ ಇನ್ನೊಂದು ಸಲ ಓದು ಅಂದರು. "ಚಿಕ್ಕದಾದ್ರೆ ಏನು, ಎಲ್ಲಾರ್ಗೂ ಕೊಟ್ಟು ಬಂದಿರ್ತಾಳೆ" ಅಂದರು.

ಪಿಚಾವರಂ ಹೇಳಿದವರಿಗೂ ವಂದನೆ, ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳುತ್ತೇವೆ. ಇನ್ನು ಎರಡು ಪ್ರಶ್ನೆ. ನಮ್ಮದೇ ಕೆಎ ನಂಬರಿನ ಕಾರಿನಲ್ಲಿ ಹೋದರೆ ತೊಂದರೆ ಇಲ್ಲವಾ? ಮತ್ತೆ ಅಮ್ಮನಿಗೆ ಬಾಗಿನ ಬಿಡಬೇಕಂತೆ. ಎಲ್ಲಿ ಬಿಡುವುದು?

ಕುಂಭಕೋಣಂ ಮಾಮಿ, ಮಲ್ಲೇಶ್ವರ

ನನ್ನ ತವರು ಕುಂಭಕೋಣ, ಬೆಂಗಳೂರಿಗೆ ಮದುವೆಯಾಗಿ ಬಂದು 31 ವರ್ಷ ಆಯಿತಮ್ಮಾ. ಪ್ರತಿ ವರ್ಷ ಕೆಎ ಕಾರಿನಲ್ಲೇ ಹೋಗುತ್ತೇವೆ, ಯಾರೂ ಏನೂ ಅಂದಿಲ್ಲ. ನೀರಿನ ವಿಷಯಕ್ಕೆ ಗಲಾಟೆ ಎದ್ದಿರುವ ವಾರ ಮಾತ್ರ ಸುದ್ದಿ ನೋಡಿಕೊಂಡು ಹೊರಡಿ. ಆದರೂ ಇಷ್ಟು ದೂರ ನೀವೇ ಓಡಿಸುವುದು ಯಾಕೆ? ರಾತ್ರಿ ರೈಲಿನಲ್ಲಿ ಮಲಗಿ ಹೋಗಿ.

ಬಾಗಿನಕ್ಕೆ ಪೂಂಪುಹಾರ್ ಬೇಡ. ಅಲೆ ಇರುತ್ತದೆ, ಮಂಡಿ ನೋವಿನವರಿಗೆ ಮರಳಲ್ಲಿ ನಡೆಯುವುದೂ ಕಷ್ಟ. ಕಲ್ಲಣೈನಲ್ಲೂ ನೀರಿಗೆ ಇಳಿಯಬೇಡಿ. ಮೇಲೆ ಸುಮ್ನೆ ಕಂಡರೂ ಸೆಳೆತ ಜೋರು. ತಿರುವೈಯಾರಿನ ಪುಷ್ಯ ಮಂಟಪದ ಪಡಿತ್ತುರೈಗೆ ಹೋಗಿ. ನಿಮ್ಮ ಸೋಪಾನಘಟ್ಟ ಇದ್ದ ಹಾಗೆ. ಹೊಳೆ ತುಂಬಿದ್ದರೆ ಕೆಲವೇ ಮೆಟ್ಟಿಲಿಗೆ ನೀರು ಸಿಗುತ್ತದೆ. ನೀವು ಒಂದು ಕಡೆ ಕೈ ಹಿಡಿದುಕೊಳ್ಳಿ, ಇನ್ನೊಂದು ಕಡೆ ಗೈಡ್ ಹಿಡಿಯಲಿ.

ಆಗಸ್ಟ್ 2 ಅಥವಾ 3ಕ್ಕೆ ಆಡಿ ಹದಿನೆಂಟು, ಅಂದರೆ ತಮಿಳಿನ ಆಡಿ ತಿಂಗಳ 18ನೇ ದಿನದ ಹಬ್ಬ, ಬರುತ್ತದೆ. ಅವತ್ತು ನಮ್ಮ ಹೆಂಗಸರೂ ಅದನ್ನೇ ಮಾಡುವುದು. ಅರಿಶಿನ, ಹೂವು, ಕಪ್ಪು ಮಣಿ, ತಾಳೆಗರಿಯ ಓಲೆ ಕಾವೇರಿಗೆ ಕೊಡುತ್ತೇವೆ. ಅರಿಶಿನದ ದಾರ ಕಟ್ಟಿಕೊಳ್ಳುತ್ತೇವೆ. ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿ ದಂಡೆಯಲ್ಲೇ ಊಟ. ಜನ ಜಾಸ್ತಿ, ಆದರೆ ನಿಮ್ಮ ಅಮ್ಮನಿಗೆ ತಮ್ಮೂರಲ್ಲೇ ಇದ್ದ ಹಾಗಾಗುತ್ತದೆ. ಪ್ಲಾಸ್ಟಿಕ್ ಬಳೆ, ಕವರ್ ಏನೂ ನೀರಿಗೆ ಹಾಕಬೇಡಿ. ಬಿದಿರಿನ ಮೊರ, ಗಾಜಿನ ಬಳೆ ಇದ್ದರೆ ಅಲ್ಲೇ ಯಾರಾದರೂ ಮುತ್ತೈದೆಗೆ ಕೊಟ್ಟುಬಿಡಿ, ಬಹಳ ಸಂತೋಷ ಪಡುತ್ತಾರೆ.

ಪಾಂಡವಪುರದ ಹುಡುಗ

ಮಾಮಿ ಹೇಳಿದ್ದು ಸರಿ, ಬಾಗಿನಕ್ಕೆ ತಿರುವೈಯಾರೇ ಒಳ್ಳೆಯದು. ಆದರೆ ಪೂಂಪುಹಾರ್ ಬಿಡಬೇಡಿ ಅಕ್ಕ. ಒಂದು ಮಡಚುವ ಕುರ್ಚಿ ಕಾರಿನಲ್ಲಿ ಇಟ್ಟುಕೊಳ್ಳಿ. ಅಮ್ಮನವರನ್ನು ಹೊಳೆ ಕಾಣುವ ಹಾಗೆ ಕೂರಿಸಿ. ಆಡಿ ಹದಿನೆಂಟರ ದಿನ ಆ ಕಡೆ ರಸ್ತೆ ತುಂಬಿರುತ್ತದೆ, ಅದಕ್ಕೇ ಸ್ವಾಮಿಮಲೈ ಬಿಟ್ಟು ಬೇಗ ಹೊರಡಿ.

ಮದ್ದೂರಿನ ಮಗಳು

ಆಡಿ ಹದಿನೆಂಟಕ್ಕೇ ಹೋಗುವುದು ಅಂತ ತೀರ್ಮಾನ ಆಯಿತು. ಅಮ್ಮ ಊರಿಗೆ ಫೋನ್ ಮಾಡಿ ಎರಡು ಜೊತೆ ಮೊರ ತರಿಸಲು ಹೇಳಿದ್ದಾರೆ. ಒಂದು ಜೊತೆ ಕಾವೇರಿಗೆ. ಇನ್ನೊಂದು ಜೊತೆ ತಿರುವೈಯಾರಿನ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರುವವರಿಗಂತೆ.