ಕಾಪಿ ಕಳಿಸೋಕಿಂತ ಮೊದಲು ಕೇಳ್ರಿ: ನಮ್ಮ ಭಾಗದ ವರದಿಗಾರರ ಗ್ರೂಪಿನ ಪ್ರಶ್ನೋತ್ತರ

ಮೇಡಂ (ನ್ಯೂಸ್ ಡೆಸ್ಕ್, ರಾಯಚೂರು): ಇವತ್ತು ಮಧ್ಯಾಹ್ನದ ತನಕ ಇರ್ತೀನಿ. ವರದಿ ಬರಿಯೋದರ ಬಗ್ಗೆ ಏನರ ಇದ್ರ ಕೇಳ್ರಿ. ರಾಯಚೂರು, ಕೊಪ್ಪಳ, ಬಳ್ಳಾರಿ ಯಾರ ಬೇಕಾದ್ರೂ ಕೇಳಬಹುದು. ಪ್ರೆಸ್ ಕಾರ್ಡ್, ಜಾಹೀರಾತು ಕಮಿಷನ್ ಮಾತು ಇಲ್ಲಿ ಬ್ಯಾಡ.

ಗಂಗಾವತಿ ವರದಿಗಾರ: ಮೇಡಂ ತುಂಗಭದ್ರಾ ಡ್ಯಾಂ ಸುದ್ದಿಗೆ ಕ್ಯೂಸೆಕ್ ಹಾಕೋದೋ ಟಿಎಂಸಿ ಹಾಕೋದೋ, ದಿನದ ಶೀಟ್‌ನಾಗ ಎರಡೂ ಇರ್ತಾವ

ಮೇಡಂ: ಎರಡೂ ಹಾಕ್ರಿ, ಅದಲುಬದಲು ಮಾಡಬ್ಯಾಡ್ರಿ. ಟಿಎಂಸಿ (ನೂರು ಕೋಟಿ ಘನ ಅಡಿ) ನಿಂತ ನೀರಿನ ಲೆಕ್ಕ, ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ಹರಿಯೋ ನೀರಿನ ಲೆಕ್ಕ. 1 ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದ್ರ 8.64 ಟಿಎಂಸಿ. ತುಂಗಭದ್ರಾ ಸಾಮರ್ಥ್ಯ ಹೂಳು ತುಂಬಿ 105.788 ಟಿಎಂಸಿಗೆ ಇಳಿದದ, ಹಳೇ ಫೈಲ್ ನೋಡಿ 133 ಅಂತ ಬರೀಬ್ಯಾಡ್ರಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋತಲ್ಲ, ಅಂಥಾ ಹೊತ್ತಿನಾಗ ನದಿ ದಂಡಿ ಊರಿನವರಿಗೆ ಬೇಕಾಗೋದು ಕ್ಯೂಸೆಕ್, ಎರಡನೇ ಬೆಳಿ ಆಸೆ ಇಟ್ಕೊಂಡ ರೈತಗ ಬೇಕಾಗೋದು ಟಿಎಂಸಿ. ಯಾರಿಗೆ ಬರಿಯಾಕತ್ತೀವಿ ಅನ್ನೋದರ ಮ್ಯಾಲೆ ಯಾವುದು ಮೊದಲ ಸಾಲಿಗೆ ಬರಬೇಕು ಗೊತ್ತಾಗ್ತದ.

ಸಿರವಾರ ರೈತ: ಡ್ಯಾಂ ತುಂಬಿತು ಅಂತ ಬಾಗಿನದ ಫೋಟೋ ಮುಖಪುಟಕ್ಕ ಹಾಕ್ತೀರಿ, ಎಡದಂಡೆ ಕಾಲುವೆ ಕೊನೀ ಭಾಗಕ್ಕ ನೀರು ಬಂದಿಲ್ಲ ಅಂದ್ರ ಒಳಗ ಎರಡು ಸಾಲು

ಗಂಗಾವತಿ ವರದಿಗಾರ: ಅದನ್ನ ನಿಮ್ಮ ತಾಲೂಕಿನ ವರದಿಗಾರರನ್ನ ಕೇಳ್ರಿ ಯಜಮಾನ್ರ

ಸಿರವಾರ ರೈತ: ಕೇಳಾಕ ಏನೈತಿ, ಮ್ಯಾಲಿನವರು ಪಂಪ್‌ಸೆಟ್ ಹಚ್ಚಿ ಎಳ್ಕೊಂಡ ಮ್ಯಾಲೆ ನಮಗೆಲ್ಲಿ ಉಳೀತದ ನೀರು

ಗಂಗಾವತಿ ವರದಿಗಾರ: ನನಗ ಒಂದ ಗುಂಟೆ ಗದ್ದಿ ಇಲ್ಲ, ನನ್ನ ಮ್ಯಾಲೆ ಯಾಕ ಹಾಕ್ತೀರಿ

ಮೇಡಂ: ಇಬ್ಬರೂ ನಿಲ್ಲಸ್ರಿ. ರೈತರು ಹೇಳಿದ್ದು ಸುದ್ದಿನ. ಕಾಲುವೆ 69ನೇ ಮೈಲಿನಾಗ ಗೇಜ್ (ನೀರಿನ ಮಟ್ಟ) ಎಷ್ಟದ, 104ನೇ ಮೈಲಿನಾಗ ಎಷ್ಟದ, ವಾರ ಪೂರ್ತಿ ಹೋಗಿ ಬರ್ಕೊಂಡು ಇಲಾಖೆ ಶೀಟ್ ಜೊತಿಗೆ ಇಟ್ಟು ನೋಡ್ರಿ. ಅದು ಯಾವ ಪುಟಕ್ಕಾದ್ರೂ ನಿಲ್ಲೋ ಸುದ್ದಿ.

ಯಲಬುರ್ಗಾ: ಫಾರ್ವರ್ಡ್ ಬಂದದ ಮೇಡಂ, ಎಲ್ಲಾರಿಗೂ ಉಪಯೋಗ. “ಪತ್ರಕರ್ತರ ಗಮನಕ್ಕೆ! ಪ್ರತಿ ವಾಕ್ಯದ ಕೊನೆಗೆ ಎನ್ನಲಾಗಿದೆ ಹಾಕಿದರೆ ಮಾನನಷ್ಟ ಕೇಸ್ ನಿಲ್ಲುವುದಿಲ್ಲ. ಹೆಡ್ಡಿಂಗ್‌ಗೆ ಪ್ರಶ್ನಾರ್ಥಕ ಚಿಹ್ನೆ ಕಡ್ಡಾಯ. ಹತ್ತು ಗ್ರೂಪಿಗೆ ಕಳಿಸಿ”

ಮೇಡಂ: ಸುಳ್ಳು. ಇನ್ನೊಬ್ಬರು ಅಂದದ್ದನ್ನ ಛಾಪಿಸಿದ್ರೂ ಛಾಪಿಸಿದವರು ಉತ್ತರ ಕೊಡಬೇಕು. ಬಿಎನ್ಎಸ್ (ಭಾರತೀಯ ನ್ಯಾಯ ಸಂಹಿತೆ) 356, ಅಂದ್ರ ಮಾನನಷ್ಟದ ಕಲಂ, ಪ್ರಶ್ನಾರ್ಥಕ ಚಿಹ್ನೆ ನೋಡಿ ಬಿಡಂಗಿಲ್ಲ. ನಿಮ್ಮನ್ನ ಕಾಯೋದು ಕೈಯಾಗಿನ ದಾಖಲೆ, ಎದುರಿನವರಿಗೆ ಫೋನ್ ಹಚ್ಚಿ ಅವರ ಮಾತು ತಗೊಂಡಿದ್ದು, ತಗೊಂಡ ಟೈಮ್ ಡೈರಿಯೊಳಗ ಬರ್ಕೊಂಡಿದ್ದು. ಇಂಥಾ ಫಾರ್ವರ್ಡ್ ನಂಬಿ ಹೊಸ ಹುಡುಗರು ಕೋರ್ಟಿಗೆ ಅಡ್ಡಾಡೋ ಪಾಳಿ ಬರ್ತದ.

ಸಂಡೂರು: ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದ್ದೆ, ಅರ್ಜಿ ಉದ್ದ ಆಯ್ತು ಅಂತ ವಾಪಸ್ ಕಳಿಸ್ಯಾರೆ

ಮೇಡಂ: ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಪದ. 10 ರೂಪಾಯಿ ಫೀ. “ಗಣಿ ಅಕ್ರಮದ ಎಲ್ಲಾ ಮಾಹಿತಿ” ಅಂತ ಕೇಳಬ್ಯಾಡ್ರಿ, ಇಂಥಾ ತಿಂಗಳಿನ ಇಂಥಾ ರಿಜಿಸ್ಟರ್‌ನ ಪ್ರತಿ ಅಂತ ಕೇಳ್ರಿ. 30 ದಿನಕ್ಕ ಉತ್ತರ ಬರಲಿಲ್ಲ ಅಂದ್ರ ಮೊದಲ ಮೇಲ್ಮನವಿ.

ಕುಷ್ಟಗಿ: ಗ್ರಾಮೀಣ ಪತ್ರಕರ್ತರ ಬಸ್ ಪಾಸ್ ಯಾರಿಗಾದ್ರೂ ಬಂದದೇನ್ರಿ?

ಹೊಸ ಸ್ಟ್ರಿಂಗರ್: ಮೇಡಂ ಒಂದು ಪೋಕ್ಸೋ (ಮಕ್ಕಳ ಮ್ಯಾಲಿನ ಲೈಂಗಿಕ ಅಪರಾಧದ ಕಾಯ್ದೆ) ಕೇಸ್ ಕಾಪಿ ರೆಡಿ ಅದ. ಹುಡುಗಿ ಹೆಸರು ಬದಲಿಸೀನಿ. 9ನೇ ಕ್ಲಾಸ್, (ಊರು ಮತ್ತು ಹಾಸ್ಟೆಲ್ ಹೆಸರು ಅಡ್ಮಿನ್ ಅಳಿಸಿದ್ದಾರೆ), ತಂದಿ ತಾಯಿ ಬೆಂಗಳೂರಿಗೆ ಗುಳೆ ಹೋಗ್ಯಾರ, ಆರೋಪಿ ಸೋದರಮಾವ, ಅವನ ಹೆಸರು ಹಾಕೀನಿ. ಸರಿ ಅದಲ್ರಿ?

ಮೇಡಂ: ಸರಿ ಇಲ್ಲ. ಕಳಿಸಬ್ಯಾಡ್ರಿ, ಪೂರ್ತಿ ಓದ್ರಿ.

ಹೆಸರು ಬದಲಿಸಿದ್ರೂ ಊರಿನವರಿಗೆ ಆಕಿ ಯಾರು ಅಂತ ಗೊತ್ತಾಗ್ತದ. ಆ ಊರಾಗ ಆ ಹಾಸ್ಟೆಲ್‌ನಾಗ 9ನೇ ಕ್ಲಾಸಿನ ಹುಡುಗ್ಯಾರು ಎಷ್ಟು ಮಂದಿ, ಅವರೊಳಗ ಗುಳೆ ಹೋದವರ ಮಕ್ಕಳು ಎಷ್ಟು ಮಂದಿ? ಅದರ ಮ್ಯಾಲೆ ಮಾವನ ಹೆಸರು ಬ್ಯಾರೆ ಕೊಟ್ಟೀರಿ. ಪೋಕ್ಸೋ 23ನೇ ಕಲಂ ಹೆಸರಿಗಷ್ಟ ಅಲ್ಲ, ವಿಳಾಸ, ಫೋಟೋ, ಮನಿತನದ ವಿವರ, ಶಾಲಿ, ಓಣಿ, ಗುರುತು ಹತ್ತೋ ಯಾವ ವಿವರಕ್ಕೂ ತಡಿ ಹಾಕ್ತದ. ಶಿಕ್ಷೆ ಆರು ತಿಂಗಳಿಂದ ಒಂದು ವರ್ಷ, ಇಲ್ಲಾ ದಂಡ, ಇಲ್ಲಾ ಎರಡೂ, ನಿಮ್ಮ ಜೊತಿಗೆ ಪ್ರಕಾಶಕರೂ ಹೊಣಿ. 2018ರಾಗ ನಿಪುಣ್ ಸಕ್ಸೇನಾ ಕೇಸಿನಾಗ ಸುಪ್ರೀಂ ಕೋರ್ಟ್ ದೂರದಿಂದಾದ್ರೂ ಗುರುತು ಹತ್ತೋ ವಿವರ ಬ್ಯಾಡ ಅಂದದ, ಸತ್ತವರದ್ದೂ ಬ್ಯಾಡ ಅಂದದ.

ಇನ್ನೊಂದು, ಇದು ನನಗ ಭಾಳ ಚಿಂತಿ ಹಚ್ಚಿದ ಮಾತು. ನೀವು ಸಂಬಂಧ ಅಷ್ಟ ಬರ್ದು ಹೆಸರು ಬಿಡ್ತೀರಿ, ಇನ್ನೊಂದು ಪೇಪರ್‌ನವರು ಸಂಬಂಧ ಬಿಟ್ಟು ಆರೋಪಿ ಹೆಸರು ಹಾಕ್ತಾರ, ಚಾನೆಲ್‌ನವರು ಮನಿ ಬಾಗಲಾ ತೋರಿಸ್ತಾರ. ಒಬ್ಬೊಬ್ಬರದು ನೋಡಿದ್ರ ತಪ್ಪು ಕಾಣಂಗಿಲ್ಲ, ಮೂರೂ ಕೂಡಿಸಿದ್ರ ಆ ಹುಡುಗಿ ಶಾಲಿಗೆ ಹೋಗಂಗಿಲ್ಲ. ಅದಕ್ಕ ತಾಲೂಕಿನ ವರದಿಗಾರರೆಲ್ಲಾ ಮೊದಲ ಮಾತಾಡ್ಕೊಳ್ರಿ. ಮಾವ ಅನ್ನೋದೂ ಬ್ಯಾಡ, ಅವನ ಹೆಸರೂ ಬ್ಯಾಡ. “ಜಿಲ್ಲೆಯ ಬಾಲಕಿ, ಪರಿಚಿತ ವ್ಯಕ್ತಿ, ಪೋಕ್ಸೋ ಅಡಿ ಪ್ರಕರಣ, ಬಂಧನ” ಇಷ್ಟ ಸಾಕು.

ಸುದ್ದಿ ಸಣ್ಣದಾತು ಅನ್ನಬ್ಯಾಡ್ರಿ. ಮಕ್ಕಳ ಕಲ್ಯಾಣ ಸಮಿತಿ ಮುಂದ ಹಾಜರು ಮಾಡ್ಯಾರೇನು, ಗುಳೆ ಹೋದವರ ಮಕ್ಕಳು ರಜಾದಾಗ ಯಾರ ಮನಿಯಾಗ ಇರ್ತಾರ, ಅದನ್ನ ಯಾರು ನೋಡ್ತಾರ, ಇವೆಲ್ಲಾ ಕೇಳ್ರಿ. ಮಗುವಿನ ಸಾಕ್ಷಿ 30 ದಿನದಾಗ, ವಿಚಾರಣೆ ಆದಷ್ಟು ಮಟ್ಟಿಗೆ ಒಂದು ವರ್ಷದಾಗ ಅಂತ 35ನೇ ಕಲಂ ಹೇಳ್ತದ. ಜಿಲ್ಲಾದಾಗ ಹಳೇ ಕೇಸುಗಳು ಎಲ್ಲಿ ನಿಂತಾವ, ವಿಶೇಷ ಕೋರ್ಟಿಗೆ ಹೋಗಿ ನೋಡ್ರಿ. ಆ ಮನಿಗೆ ಮಾತ್ರ ಹೋಗಬ್ಯಾಡ್ರಿ.

ಲೋಕಲ್ ಚಾನೆಲ್: ನಾವು ನಿನ್ನೆನೇ ಹಾಕೀವಿ, ಮುಖ ಬ್ಲರ್ ಮಾಡೀವಿ, ತಾಯಿ ಬಂದು ತಾನ ಕ್ಯಾಮೆರಾ ಮುಂದ ಬೈಟ್ ಕೊಟ್ಟಾಳ

ಮೇಡಂ: ತಾಯಿ ಒಪ್ಪಿಗಿ ನಡ್ಯಂಗಿಲ್ಲ. ಮಗುವಿನ ಹಿತಕ್ಕ ಅಂತ ವಿಶೇಷ ಕೋರ್ಟ್ ಬರ್ದು ಅನುಮತಿ ಕೊಡಬೇಕು. ತಾಯಿ ದನಿ ಕೇಳಿದ ಮ್ಯಾಲೆ ಬ್ಲರ್ ಮಾಡಿ ಏನು ಉಪಯೋಗ?

ಸಿಂಧನೂರು: ಮೈಕ್ ಹಿಡ್ಕೊಂಡವರೆಲ್ಲಾ ಪತ್ರಕರ್ತರಾದ್ರ ಹಿಂಗ ಆಗೋದು

ಲೋಕಲ್ ಚಾನೆಲ್: ನಿಮ್ಮ ಪೇಪರ್‌ನಾಗ ಹೋದ ವರ್ಷ ಹುಡುಗಿ ಅಪ್ಪನ ಹೆಸರು ಬಂದಿತ್ತು, ಕಟಿಂಗ್ ಹಾಕ್ಲೇನು?

ಮೇಡಂ: ಹಾಕಿದ್ರ ಗ್ರೂಪಿನಿಂದ ತೆಗೀತೀನಿ. ಇನ್ನೊಮ್ಮೆ ಅದ ಗುರುತು ಹರಡಬ್ಯಾಡ್ರಿ.

ಮಾನ್ವಿ: ಆತ್ಮಹತ್ಯೆ ಸುದ್ದಿಗೆ ಕ್ರಿಮಿನಾಶಕದ ಹೆಸರು ಹಾಕಬಹುದಾ?

ಮೇಡಂ: ಬ್ಯಾಡ. ಹೆಂಗ ಅನ್ನೋ ವಿವರನೂ ಬ್ಯಾಡ. ಕೊನಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಾಕ್ರಿ.

ಕಂಪ್ಲಿ: ಆರ್‌ಟಿಐ ಅರ್ಜಿ ಎಷ್ಟು ಪದ ಇರಬೇಕು ಮೇಡಂ

ಮೇಡಂ: ಮ್ಯಾಲೆ ಬರ್ದೀನಿ.

ಯಲಬುರ್ಗಾ: ಮೇಡಂ ಇನ್ನೊಂದು ಫಾರ್ವರ್ಡ್, ಮಗುವಿನ ಫೋಟೋ ಕಪ್ಪು ಬಿಳುಪು ಮಾಡಿ ಹಾಕಿದರೆ ಕಾನೂನು ಪ್ರಕಾರ…

ಮೇಡಂ: ಅಳಸ್ರಿ ಅದನ್ನ. ಇನ್ನೊಂದು ಫಾರ್ವರ್ಡ್ ಬಂದ್ರ ನೀವೂ ಹೊರಗ. ಚಾನೆಲ್‌ನವರೇ, ಆ ವಿಡಿಯೋ ಇನ್ನೂ ಹಂಗ ಅದ.

ಲೋಕಲ್ ಚಾನೆಲ್: ತೆಗೀತೀನಿ ಬಿಡ್ರಿ. ಆದ್ರ ನಮ್ಮ ಕ್ಲಿಪ್ ಬ್ಯಾರೆ ಪೇಜ್‌ನವರೂ ಎತ್ಕೊಂಡು ಹಾಕ್ಯಾರ, ಅವರಿಗೆ ಯಾರು ಹೇಳೋರು?

ಮೇಡಂ: ನಿಮ್ಮದು ಈಗ ತೆಗೀರಿ, ಪ್ರೈವೇಟ್ ಅಲ್ಲ, ಡಿಲೀಟ್. ಅವರ ನಂಬರ್ ನನಗ ಪರ್ಸನಲ್ ಕಳಸ್ರಿ, ನಾನ ಮಾತಾಡ್ತೀನಿ. ಲಿಂಕ್ ಇಲ್ಲಿ ಹಾಕಬ್ಯಾಡ್ರಿ.