ಓದಿದ ಪುಸ್ತಕಗಳ ಲೆಕ್ಕ ಇಡೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವಳು, ಕೆಲಸ ಮಂಗಳೂರಲ್ಲಿ. ದಿನಾ ಬಸ್ಸಲ್ಲೇ ಓದುವುದು, ಸೀಟು ಸಿಕ್ಕಿದರೆ ಪಡುಬಿದ್ರಿ ದಾಟುವಷ್ಟರಲ್ಲಿ ಇಪ್ಪತ್ತು ಪುಟ ಆಗುತ್ತದೆ. ಮುಗಿಸಿದ ದಿನ, ಇಷ್ಟವಾದ ಒಂದು ಸಾಲು, ಎಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಡುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಬ್ಯಾಗಿಗೆ ನೀರು ಹೋಗಿ ಆರು ವರ್ಷದ ಬರಹ ಪೂರ್ತಿ ನೀಲಿ ಕಲೆಯಾಯಿತು. ತುಂಬಾ ಬೇಜಾರಾಯ್ತು.

ಆಮೇಲೆ ಮೊಬೈಲಿಗೆ ಒಂದು ಆಪ್ ಹಾಕಿಕೊಂಡೆ. ಹೊಸ ಪುಸ್ತಕವಾದರೆ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಸಾಕು. ಆದರೆ ನಮ್ಮ ಮನೆಯಲ್ಲಿ ಜಾಸ್ತಿ ಇರುವುದು ಅಜ್ಜನ ಕಾಲದ ಕಾದಂಬರಿಗಳು, ಐಎಸ್‌ಬಿಎನ್ (ಬಾರ್‌ಕೋಡಲ್ಲಿರುವ ಪುಸ್ತಕದ ಗುರುತಿನ ನಂಬರು) ಅಂತರರಾಷ್ಟ್ರೀಯ ಮಾನದಂಡ ಆದದ್ದೇ 1970ರಲ್ಲಿ ಅಲ್ವಾ, ಇವುಗಳಲ್ಲಿ ನಂಬರೇ ಇಲ್ಲ. ಹೆಸರು ಹಾಕಿ ಹುಡುಕೋಣ ಅಂದ್ರೆ ಶಿವರಾಮ ಕಾರಂತರ ಹೆಸರನ್ನೇ ಇಂಗ್ಲಿಷಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ, ಒಂದೇ ಪುಸ್ತಕ ಮೂರು ಕಡೆ ಸಿಗುತ್ತದೆ.

ಗೂಗಲ್ ಶೀಟಲ್ಲಿ ಕನ್ನಡದಲ್ಲೇ ಪಟ್ಟಿ ಇಟ್ಟವರು ಯಾರಾದರೂ ಇದ್ದೀರಾ? ಯಾವ ಯಾವ ಕಾಲಂ ಮಾಡಿದ್ದೀರಿ? ಲೈಬ್ರರಿಯಿಂದ ತಂದದ್ದು, ಅರ್ಧಕ್ಕೆ ಬಿಟ್ಟದ್ದು, ಎರಡನೇ ಸಲ ಓದಿದ್ದು, ಇದನ್ನೆಲ್ಲ ಹೇಗೆ ಗುರುತು ಹಾಕುತ್ತೀರಿ? ನಿಮ್ಮ ಪಟ್ಟಿಯ ಒಂದು ಫೋಟೋ ಹಾಕಿದರೆ ದೊಡ್ಡ ಉಪಕಾರ. ಹಾಂ, ಒದ್ದೆಯಾದ ಹಾಳೆಯಿಂದ ಅಕ್ಷರ ಓದುವ ಉಪಾಯ ಗೊತ್ತಿದ್ದರೆ ಅದನ್ನೂ ಹೇಳಿ, ನೋಟ್‌ಬುಕ್ ಇನ್ನೂ ಇಟ್ಟುಕೊಂಡಿದ್ದೇನೆ.