ಕಿಡ್ನಿ ಕಲ್ಲಿಗೆ ಶಾಕ್‌ವೇವ್: ಮಾಡಿಸುವ ಮೊದಲು ಏನೇನು ಕೇಳಬೇಕು?

ಪ್ರಶ್ನೆ: ಅಣ್ಣನ ಎಡ ಕಿಡ್ನಿಯಲ್ಲಿ 11 ಮಿ.ಮೀ. ಕಲ್ಲಿದೆ. ಲಿಥೊಟ್ರಿಪ್ಸಿ (ಹೊರಗಿನಿಂದ ಶಾಕ್‌ವೇವ್ ಕೊಟ್ಟು ಕಲ್ಲು ಒಡೆಯುವುದು) ಮಾಡಿಸಿ ಅಂದಿದ್ದಾರೆ. ಅಲ್ಟ್ರಾಸೌಂಡ್ ಗುಳ್ಳೆಗಳಿಂದಲೇ ಕಲ್ಲು ಒಡೆಯುವ ಹೊಸ ವಿಧಾನ ಬಂದಿದೆಯಂತೆ. ಅದಕ್ಕೆ ಕಾಯೋಣವೇ? ಮನೆಯಲ್ಲಿ ಬಾಳೆದಿಂಡಿನ ರಸ ಸಾಕು ಅಂತಾರೆ. ತಿಳಿದವರು ಹೇಳಿ.

ಯೂರಾಲಜಿ ವೈದ್ಯರು: ಸಿಟಿ ರಿಪೋರ್ಟಿನಲ್ಲಿ ಮೂರು ಸಂಗತಿ ಹುಡುಕಿ. ಕಲ್ಲು ಕಿಡ್ನಿಯ ಕೆಳಭಾಗದಲ್ಲಿದೆಯೇ? ಅಲ್ಲಿದ್ದರೆ ಒಡೆದರೂ ಚೂರು ಮೇಲೆ ಹತ್ತಿ ಹೊರಬರುವುದು ಕಷ್ಟ. ಎಚ್‌ಯು (ಸಿಟಿಯಲ್ಲಿ ಕಲ್ಲಿನ ಸಾಂದ್ರತೆ ತೋರಿಸುವ ಅಂಕಿ) 1000 ದಾಟಿದೆಯೇ? ಹಾಗಿದ್ದರೆ ಕಲ್ಲು ಗಟ್ಟಿ. ಚರ್ಮದಿಂದ ಕಲ್ಲಿಗೆ 10 ಸೆಂ.ಮೀ.ಗಿಂತ ದೂರವಿದ್ದರೆ ಶಕ್ತಿ ಸರಿಯಾಗಿ ಮುಟ್ಟುವುದಿಲ್ಲ. ಇವು ಪ್ರತಿಕೂಲವಾಗಿದ್ದರೆ ಆರ್‌ಐಆರ್‌ಎಸ್ ಲೇಸರ್ (ಮೂತ್ರದ ದಾರಿಯಿಂದ ತೆಳು ದುರ್ಬೀನು ಕಳಿಸಿ ಕಲ್ಲು ಒಡೆಯುವುದು) ಬಗ್ಗೆ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ತಪ್ಪದೆ ಹೇಳಿ, ನೀವೇ ನಿಲ್ಲಿಸಬೇಡಿ. ಮೂತ್ರದಲ್ಲಿ ಸೋಂಕಿದ್ದರೆ ಮೊದಲು ಅದು ವಾಸಿಯಾಗಬೇಕು. ಬಾಳೆದಿಂಡಿನ ರಸದಿಂದ 11 ಮಿ.ಮೀ. ಕಲ್ಲು ಪುಡಿಯಾಗುವುದಿಲ್ಲ.

ಲಿಥೊಟ್ರಿಪ್ಸಿ ಟೆಕ್ನಿಷಿಯನ್: ಗುಳ್ಳೆ ಹೊಸದಲ್ಲ. 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಶಾಕ್‌ವೇವ್ ಕೊಟ್ಟಾಗಿನಿಂದ ಅದು ಕೆಲಸ ಮಾಡುತ್ತಲೇ ಇದೆ. ಅಲೆಯ ಹಿಂದಿನ ಸೆಳೆತಕ್ಕೆ ಕಲ್ಲಿನ ಸುತ್ತಲ ದ್ರವದಲ್ಲಿ ಗುಳ್ಳೆ ಏಳುತ್ತದೆ, ಕುಸಿಯುವಾಗ ಸಣ್ಣ ದ್ರವಧಾರೆ ಕಲ್ಲಿಗೆ ಬಡಿಯುತ್ತದೆ. ನೀರಿನ ತೊಟ್ಟಿಯಲ್ಲಿ ಪರೀಕ್ಷಿಸಿದ ಕಲ್ಲನ್ನು ನೋಡಿ, ಮುಂಭಾಗ ಗೆದ್ದಲು ತಿಂದ ಮರದಂತಿರುತ್ತದೆ. ಆದರೆ ಒಂದು ಏಟಿನ ಗುಳ್ಳೆಗಳು ಕರಗುವ ಮೊದಲೇ ಇನ್ನೊಂದು ಏಟು ಬಂದರೆ ಅವೇ ಅಡ್ಡ ನಿಂತು ಶಕ್ತಿ ನುಂಗುತ್ತವೆ. ಅದಕ್ಕೇ ನಿಮಿಷಕ್ಕೆ 120ಕ್ಕಿಂತ 60 ಏಟು ಒಳ್ಳೆಯದು. ಸಮಯ ಹಿಡಿಯುತ್ತದೆ, ಹಿಡಿಯಲಿ. ಮೊದಲ ಕೆಲವು ನೂರು ಏಟು ಕಡಿಮೆ ಶಕ್ತಿಯಲ್ಲಿ ಕೊಟ್ಟು, ಸ್ವಲ್ಪ ನಿಲ್ಲಿಸಿ, ಆಮೇಲೆ ಏರಿಸಬೇಕು. ಆಗ ಕಿಡ್ನಿಯ ರಕ್ತನಾಳ ಸಂಕುಚಿಸಿ ರಕ್ತಸ್ರಾವ ಕಡಿಮೆಯಾಗುತ್ತದೆ.

ಮೆಷಿನ್ನಿಗೂ ಚರ್ಮಕ್ಕೂ ನಡುವೆ ಹಾಕುವ ಜೆಲ್ಲಿನೊಳಗಿನ ಗಾಳಿ ಇನ್ನೊಂದು ಶತ್ರು. ಸಂಪರ್ಕ ಜಾಗದ ಶೇ. 2ರಷ್ಟು ಗಾಳಿಯಿದ್ದರೂ ಒಡೆಯುವಿಕೆ ಗಣನೀಯವಾಗಿ ಕುಗ್ಗುತ್ತದೆ. ಜೆಲ್ಲನ್ನು ಕೈಯಿಂದ ಸವರಬಾರದು. ಮಧ್ಯದಲ್ಲಿ ಗುಡ್ಡೆ ಹಾಕಿ, ಮೆಷಿನ್ನಿನ ದಿಂಬನ್ನು ನಿಧಾನಕ್ಕೆ ಒತ್ತಿದರೆ ಅದು ತಾನೇ ಹರಡಿ ಗಾಳಿ ಅಂಚಿನಿಂದ ಹೊರಹೋಗುತ್ತದೆ. ರೋಗಿ ಮಿಸುಕಾಡಿ ದಿಂಬು ಬಿಟ್ಟುಕೊಂಡರೆ ಹೊಸ ಜೆಲ್ ಹಾಕಿ, ಹಳೆಯದನ್ನೇ ಒತ್ತಬೇಡಿ.

ಅಲ್ಟ್ರಾಸೌಂಡ್ ಎಂಜಿನಿಯರ್: ನೀವು ಓದಿದ್ದು ಬಹುಶಃ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬರ್ಸ್ಟ್ ವೇವ್. ಒಂದೇ ದೊಡ್ಡ ಏಟಿನ ಬದಲು ಕಡಿಮೆ ಒತ್ತಡದ ಅಲೆಗಳ ಸಣ್ಣ ಸಾಲು, ಅದರಿಂದ ಕಲ್ಲಿನೊಳಗೇ ಬಿರುಕು. ಫ್ರೀಕ್ವೆನ್ಸಿ ಏರಿಸಿದಷ್ಟೂ ಚೂರು ಚಿಕ್ಕದು. 2022ರಲ್ಲಿ ಪ್ರಕಟವಾದ ಮೊದಲ 19 ರೋಗಿಗಳ ಫಲಿತಾಂಶದಲ್ಲಿ ಅವರ 23 ಕಲ್ಲುಗಳಿಗೆ ಗರಿಷ್ಠ 10 ನಿಮಿಷ ಕೊಟ್ಟರು. ಕಲ್ಲಿನ ಗಾತ್ರದಲ್ಲಿ ಶೇ. 90 ಭಾಗ (ಮಧ್ಯಾಂಕ, ಅಂದರೆ ಸಾಲಿನ ನಡುವಿನ ಕಲ್ಲಿನ ಲೆಕ್ಕ) 2 ಮಿ.ಮೀ. ಒಳಗಿನ ಚೂರಾಯಿತು. ಇಲ್ಲಿ ಗುಳ್ಳೆ ಹೆಚ್ಚಾದರೆ ಅಡ್ಡಿಯೇ. ಗುಳ್ಳೆಗಳ ಮೋಡದಿಂದಲೇ ಕಲ್ಲು ಸವೆಸುವುದು ಹಿಸ್ಟೋಟ್ರಿಪ್ಸಿ, ಅದು ಬೇರೆ. ಕಿಡ್ನಿ ಊದಿಕೊಂಡಿದ್ದರೆ ಎರಡಕ್ಕೂ ಕಾಯಬೇಡಿ.

ಯೂರಾಲಜಿ ನರ್ಸ್: ಮಾಡಿಸಿದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗಿರಬಹುದು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಸಿ. ಮೂತ್ರವನ್ನು ಹತ್ತಿಬಟ್ಟೆಯಲ್ಲಿ ಸೋಸಿ ಚೂರು ಕೂಡಿಟ್ಟು ಲ್ಯಾಬಿಗೆ ಕೊಡಿ. ಚೂರುಗಳು ಕಿಡ್ನಿಯಿಂದ ಮೂತ್ರಚೀಲಕ್ಕೆ ಹೋಗುವ ನಳಿಕೆಯಲ್ಲಿ ಸಾಲುಗಟ್ಟಿ ಸಿಕ್ಕಿಕೊಳ್ಳುವುದುಂಟು. ಚಳಿಜ್ವರ ಬಂದರೆ, ಮೂತ್ರ ನಿಂತರೆ, ಮಾತ್ರೆ ತಗೊಂಡರೂ ನೋವು ತಡೆಯಲಾಗದಿದ್ದರೆ ಬೆಳಗಾಗಲಿ ಅನ್ನಬೇಡಿ, ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.